ಕಂಬಳಿಯ ನಾಲ್ಕು ಮೂಲೆ

ಸೋಮವಾರ ಹೊಸನಗರದಲ್ಲಿ ತರಬೇತಿ ಇದೆ ಎಂದು ಫೋನಿಗೆ ಮೆಸೇಜು ಬಂದಾಗಲೇ ನನಗೆ ಮೈ ಭಾರವಾಯಿತು. ನಾನು ವಿನಯಾ, ಹದಿನಾಲ್ಕು ವರ್ಷದಿಂದ ಆಶಾ ಕಾರ್ಯಕರ್ತೆ. ಬಸುರಿಯರ ಪಟ್ಟಿ, ಬಾಣಂತಿಯರ ಪಟ್ಟಿ, ಸೊಳ್ಳೆಮರಿಯ ಸಮೀಕ್ಷೆ, ಮಂಗನ ಕಾಯಿಲೆಯ ಕಾಲದಲ್ಲಿ ಕಾಡಿಗೆ ಹೋಗುವವರಿಗೆ ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಎಣ್ಣೆ ಹಂಚುವುದು, ಎಲ್ಲವೂ ಈ ಎರಡು ಮಂಡಿಗಳ ಮೇಲೆಯೇ ನಡೆಯಬೇಕು. ತರಬೇತಿ ಅಂದರೆ ಮತ್ತೊಂದು ಪಟ್ಟಿ, ಮತ್ತೊಂದು ಫೋಟೋ. ನನಗೆ ಬಾಯಿ ಜೋರು ಅಂತ ಊರಲ್ಲಿ ಹೆಸರಿದೆ. ಆದರೆ ಮೆಸೇಜಿನ ಹತ್ತಿರ ಜಗಳ ಮಾಡುವುದಕ್ಕೆ ಬರುವುದಿಲ್ಲವಲ್ಲ, ಬರುತ್ತೇನೆ ಅಂತ ಉತ್ತರ ಹಾಕಿದೆ.

ಪಾಠ ಮಾಡುವುದಕ್ಕೆ ಸಾಗರದಿಂದ ಮಕ್ಕಳ ಡಾಕ್ಟರು ಬಂದಿದ್ದರು. ಅಪೇಕ್ಷಾ ಅಂತ ಹೆಸರು, ನನ್ನ ಮಗಳಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಿರಬಹುದು. ಗೋಡೆಗೆ ಒಂದು ಚಿತ್ರ ತೂಗುಹಾಕಿದರು. ಒಬ್ಬಳು ಹೆಂಗಸು ಗುಲಾಬಿ ಬಣ್ಣದ ಮಗುವಿನ ಎರಡೂ ತೋಳು ಹಿಡಿದು ಕೊಡವುತ್ತಿದ್ದಾಳೆ. ಎಳೇ ಮಗುವನ್ನು ಅಲ್ಲಾಡಿಸಬಾರದು, ಅದೇ ಇವತ್ತಿನ ವಿಷಯ ಅಂದರು. ಹಿಂದೆ ಕೂತವಳು ಯಾರೋ, "ನಮ್ಮ ಕಡೆ ಹಿಂಗೆ ಯಾರು ಮಾಡ್ತಾರೆ ಮೇಡಂ, ಇದೆಲ್ಲ ಹೊರದೇಶದ್ದು" ಅಂದಳು. ನಾವೆಲ್ಲ ನಕ್ಕೆವು.

ಡಾಕ್ಟರು ನಗಲಿಲ್ಲ. ಚೀಲದಿಂದ ಒಂದು ಪಾರದರ್ಶಕ ಡಬ್ಬಿ ತೆಗೆದರು. ಅದರಲ್ಲಿ ನೀರು, ನೀರಿನೊಳಗೆ ಒಂದು ತುಂಡು ಹಾಲುಬಾಯಿ. ಅಕ್ಕಿಹಾಲು ಕಾಯಿಸಿ ಮಾಡುವ ಮೆತ್ತನೆ ಸಿಹಿ, ತಿನ್ನುವ ಹಾಲುಬಾಯಿಯೇ. ಮುಚ್ಚಳ ಹಾಕಿ ಐದಾರು ಸಲ ಜೋರಾಗಿ ಕೊಡವಿದರು. ಡಬ್ಬಿಗೆ ಏನೂ ಆಗಲಿಲ್ಲ. ಒಳಗಿನ ತುಂಡು ಅಂಚೆಲ್ಲ ಒಡೆದು ನೀರು ಬೆಳ್ಳಗಾಯಿತು. "ಮಗುವಿನ ಮಿದುಳು ಇದಕ್ಕಿಂತ ಮೆತ್ತಗೆ. ಕುತ್ತಿಗೆಗೆ ಬಲ ಇರಲ್ಲ, ತಲೆ ಭಾರ. ಹೊರಗೆ ಒಂದು ಗೀರೂ ಕಾಣಲ್ಲ, ಒಳಗೆ ರಕ್ತ ಒಸರ್ತದೆ. ಕಣ್ಣಿನ ಹಿಂದೆಯೂ" ಅಂದರು. ಒಳ್ಳೇ ಹಾಲುಬಾಯಿ ಹಾಳಾಯಿತಲ್ಲ ಅಂತ ನನ್ನ ಪಕ್ಕದವಳು ಗೊಣಗಿದಳು.

"ಆಮೇಲೆ ಏನಾಗ್ತದೆ ಗೊತ್ತಾ?" ಡಾಕ್ಟರು ಕೇಳಿದರು. "ಮಗು ಅಳು ನಿಲ್ಲಿಸ್ತದೆ. ಮಲಗಿಬಿಡ್ತದೆ. ಹಾಲಿಗೂ ಏಳಲ್ಲ. ಮನೆಯವರು ಸದ್ಯ ಸಮಾಧಾನ ಆಯ್ತು ಅಂದ್ಕೊಳ್ತಾರೆ. ಅದು ಸಮಾಧಾನ ಅಲ್ಲ, ಪೆಟ್ಟು." ಡಬ್ಬಿಯನ್ನು ಮೇಜಿನ ಮೇಲಿಟ್ಟು ಮತ್ತೆ ಕೇಳಿದರು: "ನಿಮ್ಮ ಕಡೆ ಉಳುಕು ತೆಗೀತಾರಂತಲ್ಲ, ಕಂಬಳಿಯಲ್ಲಿ ಹಾಕಿ?"

ಮೂವತ್ತೇಳು ತಲೆಗಳೂ ನನ್ನ ಕಡೆ ತಿರುಗಿದವು.

ತಿರುಗದೆ ಏನು ಮಾಡುತ್ತವೆ! ಹತ್ತೂರಿನ ಮಕ್ಕಳಿಗೆ ಉಳುಕು ತೆಗೆಯುವವರು ನನ್ನ ಮಾವ, ಹೂವಯ್ಯನವರು. ಮಗು ಹೊತ್ತಿಗೆ ಸರಿಯಾಗಿ ಅಳುತ್ತದೆ, ಎತ್ತಿಕೊಂಡರೆ ಬೆನ್ನು ಬಿಲ್ಲಿನ ಹಾಗೆ ಮಾಡುತ್ತದೆ ಅಂದರೆ ನಮ್ಮ ಕಡೆ ಅದಕ್ಕೆ ಉಳುಕು ಬಿದ್ದಿದೆ ಅನ್ನುತ್ತಾರೆ. ಗುರುವಾರ, ಭಾನುವಾರ ನಮ್ಮ ಮನೆ ಜಗಲಿಗೆ ಕರೆತರುತ್ತಾರೆ. ಕರೀ ಕಂಬಳಿಯ ನಡುವೆ ಮಗುವನ್ನು ಮಲಗಿಸಿ, ಎರಡು ಮೂಲೆ ಮಾವ, ಎರಡು ಮೂಲೆ ಇನ್ನೊಬ್ಬರು ಹಿಡಿದು ಎತ್ತಿ, ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಉರುಳಾಡಿಸುವುದು. ಕೊನೆಗೆ ಮಾವ ಮಗುವಿನ ಎರಡೂ ಕಾಲು ಹಿಡಿದು ತಲೆ ಕೆಳಗಾಗಿ ಮೂರು ಸಲ ಕೊಡವುತ್ತಿದ್ದರು. ಆ ಕೊನೆಯದನ್ನು ಬಿಟ್ಟು ಹತ್ತು ಹನ್ನೆರಡು ವರ್ಷವಾಯಿತು. ಸೊಂಟ ಹಿಡಿಯುತ್ತದೆ ಅಂದಿದ್ದರು. ಯಾರಿಂದಲೂ ಒಂದು ಕಾಸು ಮುಟ್ಟಿದವರಲ್ಲ, ಎಲೆ ಅಡಿಕೆ ಕೊಟ್ಟರೆ ತೆಗೆದುಕೊಳ್ಳುತ್ತಾರೆ. ಇನ್ನೊಬ್ಬರು ಅಂದೆನಲ್ಲ, ಆ ಎರಡು ಮೂಲೆ ಹಿಡಿಯುವವಳು ನಾನು.

ಊಟದ ಹೊತ್ತಿಗೆ ಡಾಕ್ಟರು ಒಬ್ಬರೇ ಸಿಕ್ಕಿದರು. "ಮೇಡಂ, ಹದಿನೆಂಟು ವರ್ಷದ ಹಿಂದೆ ಒಂದು ಮಗೂಗೆ ಹಿಂಗೆ ಮಾಡಿದ್ರು. ಎರಡು ದಿನ ಮಲಗಿತ್ತು. ಈಗ ಅದಕ್ಕೆ ಎಡಗಣ್ಣು ಕಾಣಲ್ಲ" ಅಂದೆ. ಅವರು ಊಟದ ತಟ್ಟೆ ಕೆಳಗಿಟ್ಟರು. ಕಣ್ಣಿನ ಡಾಕ್ಟರು ಏನಂದಿದ್ದರು ಅಂತ ಕೇಳಿದರು. ಹೇಳಿದೆ. "ಅದರಿಂದಲೇ ಆಯ್ತು ಅಂತ ಈಗ ಯಾರೂ ಹೇಳಕ್ಕಾಗಲ್ಲ ಅಕ್ಕಾ. ಅಲ್ಲ ಅಂತಲೂ ಹೇಳಕ್ಕಾಗಲ್ಲ" ಅಂದರು. ಯಾರ ಮಗು ಅಂತ ಕೇಳಲಿಲ್ಲ. ಒಳ್ಳೆಯ ಹುಡುಗಿ.

ಅದು ನನ್ನ ಮಗಳು ಯಶಸ್ವಿನಿ. ಈಗ ತೀರ್ಥಹಳ್ಳಿಯಲ್ಲಿ ಬಿ.ಕಾಂ ಮೊದಲ ವರ್ಷ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ನಾನು ತವರಿನಿಂದ ಅವಳನ್ನು ಎತ್ತಿಕೊಂಡು ಬಂದಾಗ ನಾಲ್ಕು ತಿಂಗಳು. ಸಂಜೆ ನಾಲ್ಕಾಯಿತು ಅಂದರೆ ಶುರು, ಏಳರವರೆಗೆ ಬಿಟ್ಟೂ ಬಿಡದೆ ಅಳು. ಅತ್ತೆ ತೀರಿಕೊಂಡು ವರ್ಷವಾಗಿತ್ತು, ಗಂಡ ಶಿವಮೂರ್ತಿ ಬಸ್ಸಿನ ಡ್ರೈವರು, ಕತ್ತಲಾದ ಮೇಲೇ ಮನೆಗೆ ಬರುವುದು. ಮನೆಯಲ್ಲಿ ನಾನು, ಮಾವ, ಆ ಅಳು. ಹನ್ನೊಂದು ದಿನ ತಡೆದು ಹನ್ನೆರಡನೇ ದಿನ ನಾನೇ ಕಂಬಳಿ ತಂದು ಹಾಸಿ, "ಮಾವ, ಉಳುಕು ತೆಗೀರಿ" ಅಂದೆ. ಕಂಬಳಿಯ ಮೂಲೆ ಮೊದಲ ಸಲ ನಾನು ಹಿಡಿದದ್ದು ಅವತ್ತು. ಮಗು ಮಲಗಿದ್ದು ಎರಡು ದಿನ ಸರಿಯಾಗಿ ಏಳಲಿಲ್ಲ. ಹಾಲು ಬಾಯಿಗೆ ಹಿಡಿದರೆ ಕಡೆಬಾಯಿಯಿಂದ ಸುರಿಯುತ್ತಿತ್ತು. ಹೂವಯ್ಯಣ್ಣನ ಕೈಗುಣ ನೋಡಿ ಅಂತ ಬೀದಿಯಲ್ಲೆಲ್ಲ ಮಾತಾಯಿತು. ನಾನೂ ಆ ಎರಡು ದಿನ ಚೆನ್ನಾಗಿ ನಿದ್ದೆ ಮಾಡಿದೆ.

ಅವಳು ಒಂದನೇ ಕ್ಲಾಸಿನಲ್ಲಿರುವಾಗ ಎಡಗಡೆಯ ಕಂಬ, ಬಾಗಿಲು ಎಲ್ಲಕ್ಕೂ ಢಿಕ್ಕಿ ಹೊಡೆಯುತ್ತಾಳೆ ಅಂತ ಮೇಷ್ಟರು ಹೇಳಿ, ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, "ಕಣ್ಣಿನ ಹಿಂಭಾಗದಲ್ಲಿ ಹಳೇ ಗಾಯದ ಕಲೆ ಇದೆ, ಚಿಕ್ಕದಿರುವಾಗ ಎಲ್ಲಾದರೂ ಬಿದ್ದಿತ್ತಾ?" ಅಂತ ಕೇಳಿದ್ದರು. ಇಲ್ಲ ಅಂದೆವು. ನಿಜವಾಗಿಯೂ ಬಿದ್ದಿರಲಿಲ್ಲವಲ್ಲ. ಹುಟ್ಟಿನಿಂದ ಬಂದದ್ದು ಅಂತ ನಾವೇ ತೀರ್ಮಾನ ಮಾಡಿಕೊಂಡು ಬಂದೆವು.

ಹೊಸನಗರದಿಂದ ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಒಂದೇ ಯೋಚನೆ. ಮಾವನಿಗೆ ಈಗ ಎಪ್ಪತ್ತೆಂಟು. ಯಶುವನ್ನು ಕಂಡರೆ ಅವರಿಗೆ ಪ್ರಾಣ. ಅವಳು ಬರುವ ಬಸ್ಸಿನ ಹೊತ್ತಿಗೆ ಜಗಲಿಯ ಬೆಂಚಿನ ಮೇಲೆ ಕೂತಿರದ ದಿನವಿಲ್ಲ. ಇನ್ನು ಕಂಬಳಿ ಬೇಡ ಅಂದರೆ ಯಾಕೆ ಅನ್ನುತ್ತಾರೆ. ಯಾಕೆ ಅಂತ ಹೇಳಿದರೆ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಾರೆ. ಮುದುಕರು ಅದನ್ನು ತಡೆಯುವುದಿಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸಿತು. ಹೇಳದೆ ಇದ್ದರೆ ಗುರುವಾರ ಬರುತ್ತದೆ, ಯಾರದೋ ಮಗು ಬರುತ್ತದೆ.

ಯಾರದೋ ಅಲ್ಲ. ಮಂಗಳವಾರ ಧನ್ಯಶ್ರೀಯ ಮನೆಗೆ ಹೋದಾಗ ಗೊತ್ತಾಯಿತು.

ನಮ್ಮಿಂದ ನಾಲ್ಕು ಮನೆ ಆಚೆ ದುಗ್ಗಮ್ಮನ ಮನೆ. ಅವರ ಮಗಳು ಧನ್ಯಶ್ರೀ ಬಾಣಂತನಕ್ಕೆ ಬಂದು ಎರಡೂವರೆ ತಿಂಗಳಾಗಿತ್ತು. ತೂಕ ನೋಡುವುದಕ್ಕೆ ಅಂತ ಹೋದೆ. ಮಗು ಅಂಗಳಕ್ಕೆ ಕೇಳುವ ಹಾಗೆ ಅಳುತ್ತಿತ್ತು. ಧನ್ಯಶ್ರೀ ಅದನ್ನು ಹೆಗಲ ಮೇಲೆ ಹಾಕಿಕೊಂಡು ಒಂದೇ ಸಮ ಅತ್ತಿತ್ತ ನಡೆಯುತ್ತಿದ್ದಳು. ತಲೆ ಬಾಚಿರಲಿಲ್ಲ. ಹೋದ ವರ್ಷ ಮದುವೆಯಲ್ಲಿ ಎಷ್ಟು ಚೆಂದ ಕಾಣುತ್ತಿದ್ದಳು ಹುಡುಗಿ.

"ಎಷ್ಟು ಹೊತ್ತಿಂದ?" ಕೇಳಿದೆ.

"ಗೊತ್ತಿಲ್ಲ ವಿನಯಕ್ಕ. ನಿನ್ನೆಯಿಂದ ಅಂತ ಬೇಕಾದ್ರೆ ಬರ್ಕೊಳ್ಳಿ." ಆಮೇಲೆ ದನಿ ತಗ್ಗಿಸಿದಳು. "ನಿನ್ನೆ ಸಂಜೆ ಅದರ ಎರಡೂ ತೋಳು ಹಿಡ್ದು..."

"ಹಿಡ್ದು?"

"ಎಂಥ ಮಾಡ್ಲಿಲ್ಲ ಅಕ್ಕಾ. ಹಿಡ್ಕೊಂಡೆ ಅಷ್ಟೇ. ನನ್ನ ಕೈ ನಡುಗ್ತಾ ಇತ್ತು. ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟಿದ್ರೆ ಎತ್ತಿ ಒಗೀತಿದ್ನೋ ಏನೋ. ನಾನು ಎಂಥ ತಾಯಿ ಅಲ್ವಾ?"

ಗೋಡೆಯ ಮೇಲಿನ ಆ ಗುಲಾಬಿ ಮಗುವಿನ ಚಿತ್ರ ನೋಡಿ ನಕ್ಕಿದ್ದೆನಲ್ಲ, ನನಗೆ ನಾಚಿಕೆಯಾಯಿತು. ಮಗುವನ್ನು ಇಸಿದುಕೊಂಡು ಮೈ ಮುಟ್ಟಿ ನೋಡಿದೆ, ಜ್ವರವಿರಲಿಲ್ಲ. ಕಣ್ಣು ಚುರುಕಾಗಿ ನನ್ನನ್ನೇ ನೋಡುತ್ತಿತ್ತು, ತೂಕವೂ ಸರಿಯಾಗಿತ್ತು. "ಕೇಳಿಲ್ಲಿ ಧನ್ಯಾ. ಹಾಲು ಕುಡ್ಸಾಯ್ತಾ, ಬಟ್ಟೆ ಒದ್ದೆ ಇಲ್ವಾ, ಮೈ ಬಿಸಿ ಇಲ್ವಾ, ಇಷ್ಟು ನೋಡ್ಕೋ. ಎಲ್ಲ ಸರಿ ಇದ್ದೂ ಅತ್ರೆ ಚಾಪೆ ಮೇಲೆ ಅಂಗಾತ ಮಲಗ್ಸಿ ಹೊರಗೆ ಹೋಗು. ಹತ್ತು ನಿಮಿಷ ಬಾವಿಕಟ್ಟೆ ಹತ್ರ ಕೂತ್ಕೋ. ಕೈ ನಡುಗೋದು ನಿಂತ್ಮೇಲೆ ಬಾ. ಅತ್ತು ಯಾವ ಮಗೂನೂ ಸತ್ತಿಲ್ಲ. ಈ ವಯಸ್ಸಿನ ಅಳು ಇದು, ಮಗೂಗೆ ನಾಲ್ಕೈದು ತಿಂಗಳಾಗೋ ಹೊತ್ತಿಗೆ ತಾನೇ ಇಳೀತದೆ."

ಒಳಗಿಂದ ದುಗ್ಗಮ್ಮ ಕೈ ಒರೆಸಿಕೊಳ್ಳುತ್ತಾ ಬಂದರು. "ಎಂಥ? ಅಳೋ ಮಗೂನ ಬಿಟ್ಟು ಹೊರಗೆ ಹೋಗದಾ? ಬೀದಿಯವರು ಕೇಳಿದ್ರೆ ಮುಖಕ್ಕೆ ಉಗೀತಾರೆ. ಸರ್ಕಾರದವರು ಇದನ್ನೆಲ್ಲ ಹೇಳ್ಕೊಡ್ತಾರಾ ನಿಂಗೆ? ಇದು ಉಳುಕು ಕಣೆ. ಗುರುವಾರ ಹೂವಯ್ಯಣ್ಣನ ಹತ್ರ ಕರ್ಕೊಂಡು ಬರ್ತೀನಿ, ನೀನು ಮನೇಲಿರು, ಹಿಡಿಯಕ್ಕೆ ಬೇಕಲ್ಲ."

ಆಗಲೇ ಹೇಳಬೇಕಿತ್ತು. ಬೇಡ ದುಗ್ಗಮ್ಮಕ್ಕ, ಕರ್ಕೊಂಡು ಬರಬೇಡಿ ಅಂತ. ಊರಿಗೆಲ್ಲ ಜೋರು ಬಾಯಿಯವಳು ನಾನು, ಅಲ್ಲಿ ನಾಲಿಗೆ ಹೊರಳಲಿಲ್ಲ. ತಾಯಿ ಕಾರ್ಡಿನಲ್ಲಿ ತೂಕ ಬರೆದು, ಫೋಟೋ ತೆಗೆದು, ಎದ್ದು ಬಂದೆ.

ಬುಧವಾರ ಒಂದು ಕಳ್ಳತನದ ಕೆಲಸ ಮಾಡಿದೆ. ಮಾವ ಹಾಲು ಹಾಕಲು ಡೈರಿಗೆ ಹೋದಾಗ ಕಂಬಳಿಯನ್ನು ಎತ್ತಿ ಬಕೀಟಿನ ನೀರಿನಲ್ಲಿ ಮುಳುಗಿಸಿದೆ. ಈ ಚಳಿಯಲ್ಲಿ ಒದ್ದೆ ಕಂಬಳಿ ಮೂರು ದಿನವಾದರೂ ಒಣಗುವುದಿಲ್ಲ. ಭಾನುವಾರಕ್ಕೆ ಇನ್ನೇನಾದರೂ ನೆಪ ಹುಡುಕಿದರಾಯಿತು ಅಂದುಕೊಂಡೆ. ಮಾವ ಬಂದು ನೋಡಿದರು. ಬೈಯಲಿಲ್ಲ. "ಗುರುವಾರಕ್ಕೆ ಬೇಕಾಗಿತ್ತಲ್ಲ ಮಾರಾಯ್ತಿ" ಅಂದರು ಅಷ್ಟೆ. ಸಂಜೆ ನೋಡಿದರೆ ಪಕ್ಕದ ಜಟ್ಟಿಂಗಪ್ಪನ ಮನೆಯಿಂದ ಒಂದು ಕಂಬಳಿ ತಂದು ಬೆಂಚಿನ ಮೇಲೆ ಮಡಚಿಟ್ಟಿದ್ದರು. ನಮ್ಮದಕ್ಕಿಂತ ಹೊಸತು, ದಪ್ಪ. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಗುರುವಾರ ಹತ್ತು ಗಂಟೆಗೆ ದುಗ್ಗಮ್ಮ ಬಂದರು. ಹಿಂದೆ ಮಗುವನ್ನೆತ್ತಿಕೊಂಡು ಧನ್ಯಶ್ರೀ. ಅವಳ ಕಣ್ಣ ಕೆಳಗೆ ಕಾಡಿಗೆ ಬಳಿದಂತೆ ಕಪ್ಪಾಗಿತ್ತು. ಮಾವ ಕೈಕಾಲು ತೊಳೆದು ಬಂದು, ಜಗಲಿಯ ನಡುವೆ ಕಂಬಳಿ ಹಾಸಿ, ಕುಲದೇವರಿಗೆ ಅಲ್ಲಿಂದಲೇ ಕೈ ಮುಗಿದರು. ಧನ್ಯಶ್ರೀ ಮಗುವನ್ನು ಮಲಗಿಸಿದಳು. ಅದು ಎರಡೂ ಕೈ ಮುಷ್ಟಿ ಮಾಡಿಕೊಂಡು ಕೆಂಪಗೆ ಅಳುತ್ತಿತ್ತು.

"ಹಿಡ್ಕೋ ವಿನಯಾ" ಅಂದರು ಮಾವ.

"ನಾನು ಹಿಡಿಯಲ್ಲ ಮಾವ."

"ಕೈ ನೋವಾ?"

"ಇಲ್ಲ. ಇದು ಮಾಡಬಾರದಂತೆ. ಸೋಮವಾರ ಡಾಕ್ಟ್ರು ಹೇಳಿದ್ರು. ಎಳೇ ತಲೆ, ಒಳಗೆ ಪೆಟ್ಟಾಗ್ತದಂತೆ." ತರಬೇತಿಯಲ್ಲಿ ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಕುತ್ತಿಗೆ, ಮಿದುಳು, ರಕ್ತ. ಕಣ್ಣು ಅನ್ನುವ ಮಾತೊಂದನ್ನು ಬಿಟ್ಟೆ.

ಮಾವ ತಮ್ಮ ಎರಡು ಮೂಲೆ ಹಿಡಿದುಕೊಂಡೇ ಕೂತಿದ್ದರು. ಸಿಟ್ಟು ಬಂದದ್ದು ದುಗ್ಗಮ್ಮನಿಗೆ. "ನೀನು ಹಿಡೀದಿದ್ರೆ ಬೇಡ ಬಿಡು. ನಂಗೇನು ಕೈ ಇಲ್ವಾ?" ಅಂದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೂತು, ಆ ಎರಡು ಮೂಲೆ ಹಿಡಿದು ಎತ್ತಿಯೇಬಿಟ್ಟರು. ಎಮ್ಮೆ ಕಟ್ಟಿ, ಸೊಪ್ಪು ಹೊತ್ತು ಪಳಗಿದ ಕೈ ಅದು. ಅವರಿಗೆ ನನ್ನ ಮೇಲೆ ಸಿಟ್ಟು, ಮಗಳ ಮೇಲೆ ಸಿಟ್ಟು, ಎರಡು ತಿಂಗಳಿಂದ ನಿದ್ದೆ ಕೆಡಿಸಿದ ಆ ಅಳುವಿನ ಮೇಲೂ ಸಿಟ್ಟು. ಅದೆಲ್ಲ ಅವರ ಮೊಣಕೈಗೆ ಬಂದದ್ದು ನನಗೆ ಕಂಡಿತು. ನಾನು ಅದನ್ನು ಬಲ್ಲೆ.

ಹಾರಿ ಹೋಗಿ ಮಗುವನ್ನು ಕಂಬಳಿಯಿಂದ ಎತ್ತಿಕೊಂಡೆ. ಒಂದು ಕೈ ತಲೆಯ ಕೆಳಗೆ, ಒಂದು ಕೈ ಬೆನ್ನ ಕೆಳಗೆ.

ದುಗ್ಗಮ್ಮ ಖಾಲಿ ಕಂಬಳಿ ಹಿಡಿದುಕೊಂಡು ಕೂಗಿದರು. "ಏನೇ ಇದು ನಿನ್ನ ನಾಟಕ? ಇಷ್ಟು ವರ್ಷ ಊರ ಮಕ್ಕಳಿಗೆಲ್ಲ ಹಿಡ್ದೆಯಲ್ಲ, ಆಗ ಎಲ್ಲಿ ಹೋಗಿತ್ತು ಬುದ್ಧಿ? ನಿನ್ನ ಮಗಳಿಗೇ ಮಾಡ್ಲಿಲ್ವಾ? ನಾನೇ ಕಣ್ಣಾರೆ ನೋಡಿದೀನಿ, ಎರಡು ದಿನ ಹೂವಿನ ಹಾಗೆ ಮಲಗಿತ್ತು ಯಶೂ. ಎಂಥ ಆಗಿದೆ ಅವಳಿಗೆ? ಹೇಳು ಹೂವಯ್ಯಣ್ಣ, ಎಂಥ ಆಗಿದೆ?"

ನಾನು ಮಾವನ ಮುಖ ನೋಡಲಿಲ್ಲ. ಅಷ್ಟು ಧೈರ್ಯ ಇರಲಿಲ್ಲ.

ಮಾವ ಕಂಬಳಿಯ ಎರಡು ಮೂಲೆ ಕೆಳಗೆ ಬಿಟ್ಟರು. "ಇವತ್ತು ಬೇಡ ದುಗ್ಗಮ್ಮ" ಅಂದರು. "ಭಾನುವಾರವೂ ಬೇಡ. ನಾನು ಇನ್ನು ಮಾಡಲ್ಲ. ಬರೋರಿಗೆಲ್ಲ ಹೇಳ್ಬಿಡು, ಹೂವಯ್ಯನಿಗೆ ಕೈ ಸೋತು ಹೋಗಿದೆ ಅಂತ."

ದುಗ್ಗಮ್ಮನೂ ಕಂಬಳಿ ಕೈಬಿಟ್ಟರು. ಸಿಟ್ಟು ಇಳಿದ ಮೇಲೆ ಅವರ ಮುಖದಲ್ಲಿ ಉಳಿದದ್ದು ಬರೀ ಸುಸ್ತು. ಗೋಡೆಗೆ ಒರಗಿ ಕೂತಿದ್ದ ಧನ್ಯಶ್ರೀ ಶಬ್ದವಿಲ್ಲದೆ ಅಳುತ್ತಿದ್ದಳು. "ಹಂಗಾದ್ರೆ ನಾನು ಎಂಥ ಮಾಡ್ಲಿ ಅಜ್ಜಯ್ಯ? ನಂಗೆ ಆಗ್ತಾ ಇಲ್ಲ" ಅಂದಳು.

"ಒಳಗೆ ಹೋಗಿ ಮಲಗು" ಅಂದರು ಮಾವ. "ಮಗು ಇಲ್ಲಿರ್ಲಿ. ನಾನು ನೋಡ್ಕೊಳ್ತೀನಿ. ಅಳ್ಲಿ, ನಂಗೇನು, ಅರ್ಧ ಕಿವಿ ಕೇಳಲ್ಲ."

ಅವಳು ನನ್ನ ಕಡೆ ನೋಡಿದಳು. ಹೋಗು ಅಂದೆ. ಒಳಕೋಣೆಯಲ್ಲಿ ಯಶುವಿನ ಮಂಚದ ಮೇಲೆ ಬಿದ್ದವಳು ಎರಡು ನಿಮಿಷಕ್ಕೇ ನಿದ್ದೆ ಹೋದಳು. ನಾನು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಮೇಲೊಂದು ಹಳೇ ಸೀರೆ ಬಿಗಿಯಾಗಿ ಹಾಕಿ, ಮಗುವನ್ನು ಅಂಗಾತ ಮಲಗಿಸಿದೆ. ಅದು ಅತ್ತಿತು. ಮಾವ ಪಕ್ಕದಲ್ಲಿ ಕೂತು ತಮ್ಮ ಒಂದು ಬೆರಳು ಅದರ ಮುಷ್ಟಿಗೆ ಕೊಟ್ಟರು, ಅಷ್ಟೇ, ಬೇರೇನೂ ಮಾಡಲಿಲ್ಲ. ದುಗ್ಗಮ್ಮನಿಗೆ ಕಾಫಿ ಕೊಟ್ಟೆ. ಕುಡಿದು ಕೂತಲ್ಲೇ ತೂಕಡಿಸಿದರು. ಮುಕ್ಕಾಲು ಗಂಟೆ ಅತ್ತು ಮಗು ಸುಮ್ಮನಾಯಿತು. ನನಗೆ ಡಾಕ್ಟರ ಮಾತು ನೆನಪಾಯಿತು. ಬಗ್ಗಿ ಕೆನ್ನೆ ಮುಟ್ಟಿದೆ. ಅದು ಕಣ್ಣು ಬಿಟ್ಟು, ಬೆರಳಿಗೆ ಬಾಯಿ ಹಾಕಲು ತಿರುಗಿತು. ಹಸಿವು. ಒಳ್ಳೇ ಹಸಿವು. ಧನ್ಯಶ್ರೀಯನ್ನು ಎಬ್ಬಿಸಿದೆ.

ಅವರು ಹೊರಟಾಗ ಹನ್ನೆರಡೂವರೆ. ಹೋಗುವಾಗ ದುಗ್ಗಮ್ಮ ನನ್ನ ಹತ್ತಿರ ಮಾತಾಡಲಿಲ್ಲ. ಧನ್ಯಶ್ರೀ ಮಾತ್ರ, "ನಾಳೆಯೂ ಬರ್ಲಾ ಅಜ್ಜಯ್ಯ, ಸುಮ್ನೆ ಮಲಗಕ್ಕೆ?" ಅಂದಳು. ಮಾವ ತಲೆಯಾಡಿಸಿದರು.

ಆಮೇಲೆ ಅವರು ಊಟ ಮಾಡಲಿಲ್ಲ. ಹೊಟ್ಟೆ ಸರಿ ಇಲ್ಲ ಅಂದರು. ನಾನು ಎರಡು ಮನೆ ಭೇಟಿ ಮುಗಿಸಿ ಬಂದರೂ ಬೆಂಚಿನ ಮೇಲೆ ಹಾಗೇ ಕೂತಿದ್ದರು, ಎರಡೂ ಅಂಗೈ ತೊಡೆಯ ಮೇಲೆ ಮಲಗಿಸಿಕೊಂಡು. ನಾನು ಯಾವುದಕ್ಕೆ ಹೆದರಿದ್ದೆನೋ ಅದೇ ಆಗಿತ್ತು. ಯಶು ಬರುವ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಅವರ ಪಕ್ಕ ಕೂತೆ.

"ಮಾವ, ಅದರಿಂದಲೇ ಆಯ್ತು ಅಂತ ಯಾರೂ ಹೇಳಕ್ಕಾಗಲ್ಲಂತೆ. ಡಾಕ್ಟ್ರನ್ನ ಕೇಳಿದೆ."

"ಕೇಳಿದ್ಯಾ?" ಅಂದರು.

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹದಿನೆಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಅವತ್ತು ನಿಲ್ಲಲಿಲ್ಲ. "ನಿಮ್ಮ ಕೈ ನೋಡ್ಕೋಬೇಡಿ ಮಾವ. ಅವತ್ತು ನೀವು ನಿಧಾನ ಅಂದ್ರಿ. ಎರಡು ಸಲ ಅಂದ್ರಿ. ನಾನು ಕೇಳ್ಲಿಲ್ಲ. ಮೂರು ತಾಸು ಅತ್ತಿತ್ತು, ನಂಗೆ ಸಿಟ್ಟು ನೆತ್ತಿಗೇರಿತ್ತು. ಉಳುಕು ತೆಗೆಯಕ್ಕೆ ಅಂತ ಅಲ್ಲ ನಾನು ಎಳೆದದ್ದು. ಅದು ಬಾಯಿ ಮುಚ್ಚಲಿ ಅಂತ ಎಳೆದೆ. ನನ್ನ ಕಡೆಯದೇ ಜೋರು."

ಹೇಳಿಬಿಟ್ಟೆ. ಗಂಡನಿಗೂ ಹೇಳಿರಲಿಲ್ಲ. ನನಗೆ ನಾನೇ ಸರಿಯಾಗಿ ಹೇಳಿಕೊಂಡಿರಲಿಲ್ಲ.

ಮಾವ ರಸ್ತೆಯನ್ನೇ ನೋಡುತ್ತಿದ್ದರು. ಅಲ್ಲಿಂದ ಕಣ್ಣು ತೆಗೆಯದೆ, "ನಂಗೆ ಗೊತ್ತು ಕಣಮ್ಮ" ಅಂದರು.

ನಾನು ತಿರುಗಿದೆ.

"ಇನ್ನೊಂದು ತುದಿ ನನ್ನ ಕೈಯಲ್ಲೇ ಇತ್ತಲ್ಲ. ಎಳೆತ ಗೊತ್ತಾಗಲ್ವಾ? ನೀವು ಶಿವಮೊಗ್ಗದಿಂದ ಬಂದು, ಹಳೇ ಗಾಯ ಇದೆಯಂತೆ, ಬಿದ್ದಿತ್ತಾ ಅಂತ ಕೇಳಿದ್ರು ಅಂದ್ರಲ್ಲ, ಅವತ್ತೇ ನಂಗೆ ಅನ್ನಿಸ್ತು. ಎಳೆತ ಜೋರಾಯ್ತು ಅಂತ ಗೊತ್ತಾದ್ಮೇಲೂ ನಾನು ಕೆಳಗೆ ಇಡ್ಲಿಲ್ಲ. ಮತ್ತೆ ಕಾಲು ಹಿಡ್ದು ಮೂರು ಸಲ ಕೊಡವಿದ್ನಲ್ಲ, ಅದು ನಂದು."

"ಮತ್ತೆ ಯಾಕೆ ನಿಲ್ಲಿಸ್ಲಿಲ್ಲ ಮಾವ? ಇಷ್ಟು ವರ್ಷ!"

"ತಲೆ ಕೆಳಗೆ ಮಾಡೋದು ನಿಲ್ಲಿಸ್ದೆ. ಸೊಂಟ ಅಂತ ಸುಳ್ಳು ಹೇಳಿದೆ. ಕಂಬಳಿಯಲ್ಲೂ ಮೆಲ್ಲಗೆ ಆ ಕಡೆ ಈ ಕಡೆ ಮಾಡೋದು, ತೂಗಿದ ಹಾಗೆ. ನೀನೂ ನೋಡಿದೀಯಲ್ಲ." ಅವರು ಎರಡೂ ಅಂಗೈ ಮಗುಚಿದರು. "ಪೂರಾ ನಿಲ್ಲಿಸಿದ್ರೆ ಜನ ಯಾಕೆ ಅಂತ ಕೇಳ್ತಿದ್ರು. ನೀನೂ ಕೇಳ್ತಿದ್ದೆ. ಎಂಥ ಹೇಳ್ಲಿ? ನೀನು ತಡ್ಕೊಳ್ತಿರ್ಲಿಲ್ಲ ಅನ್ನಿಸ್ತು. ನೀನು ಮನೆಗೆ ಬಂದು ಒಂದು ದಿನ ಸುಮ್ನೆ ಕೂತವಳಲ್ಲ."

ವಯಸ್ಸಾಯಿತು, ಕೈ ಮೆತ್ತಗಾಯಿತು ಅಂದುಕೊಂಡಿದ್ದೆ ನಾನು. ಹನ್ನೆರಡು ವರ್ಷ ಆ ಮುದುಕರು ನನ್ನನ್ನು ಕಾಯ್ದರು, ನಾಲ್ಕು ದಿನ ನಾನು ಅವರನ್ನು ಕಾಯ್ದೆ. ನಾವಿಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ಊರ ಮಕ್ಕಳನ್ನು ಆ ಕಂಬಳಿಯ ಮೇಲೆ ಮಲಗಿಸುತ್ತಲೇ ಇದ್ದೆವು. ಮೆಲ್ಲಗೋ ಜೋರಾಗಿಯೋ, ಮಲಗಿಸಿದ್ದು ನಿಜ. ಎಷ್ಟು ಮಕ್ಕಳು ಅಂತ ನೆನಪು ಮಾಡಿಕೊಳ್ಳಲು ಹೋಗಿ ನಿಲ್ಲಿಸಿದೆ. ನನಗೆ ನನ್ನ ಮೇಲೆ ಹೇಸಿಗೆಯಾಯಿತು, ಅವರನ್ನು ನೋಡಿ ಅಳು ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡೆ.

"ಅವಳಿಗೆ ಯಾರು ಹೇಳೋದು?" ಅಂದರು ಮಾವ.

"ನಾನು ಹೇಳ್ತೀನಿ."

"ನಾನೂ ಇರ್ತೀನಿ."

ನಾಲ್ಕೂವರೆಯ ಬಸ್ಸು ಬಂತು. ಯಶು ಇಳಿದಳು. ರಸ್ತೆ ದಾಟುವಾಗ ಅವಳು ಎಲ್ಲರ ಹಾಗೆ ಕಣ್ಣು ಹೊರಳಿಸುವುದಿಲ್ಲ, ಎಡಗಡೆಗೆ ಕುತ್ತಿಗೆಯನ್ನು ಪೂರ್ತಿ ತಿರುಗಿಸಿ ನೋಡುತ್ತಾಳೆ. ಚಿಕ್ಕವಳಿದ್ದಾಗ ಮಾವನೇ ಕೈ ಹಿಡಿದು ನಿಲ್ಲಿಸಿ ಕಲಿಸಿದ್ದು. ಅವಳು ತಿರುಗಿಸಿದಳು, ನಾವಿಬ್ಬರೂ ಅವಳ ಜೊತೆ ಎಡಗಡೆಗೆ ನೋಡಿದೆವು. ರಸ್ತೆ ಖಾಲಿಯಿತ್ತು. ದಾಟಿ ಬಂದಳು.

"ಎಂಥ, ಇಬ್ರೂ ಹಿಂಗೆ ಕೂತಿದೀರ? ಯಾರಿಗಾದ್ರೂ ಹುಷಾರಿಲ್ವಾ?" ಅಂದಳು.

"ಬ್ಯಾಗು ಒಳಗಿಟ್ಟು ಬಾ. ಕೂತ್ಕೋ, ಒಂದು ಮಾತಿದೆ" ಅಂದೆ.

ಅವಳು ಒಳಗೆ ಹೋಗಿ ಬಂದಳು. ಅಷ್ಟರಲ್ಲಿ ಮಾವ ಎದ್ದು, ಬೆಂಚಿನ ಆ ತುದಿಯಿಂದ ಈ ತುದಿಗೆ ಬಂದು ಕೂತಿದ್ದರು. ನಾನೂ ಅವರ ಪಕ್ಕಕ್ಕೆ ಸರಿದೆ. ಎಡಗಡೆಯ ಜಾಗ ಅವಳಿಗೆ ಬಿಟ್ಟೆವು, ನಾವಿಬ್ಬರೂ ಅವಳ ಕಾಣುವ ಕಣ್ಣಿನ ಕಡೆಗೇ ಇರೋಣ ಅಂತ.